ಆತಕೂರಿನ ಕಲ್ಲನ್ನು ಎಲ್ಲಿಡುವುದು?

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನಿಂದ ತಂದಿರಿಸಿದ ಒಂದು ಕಲ್ಲಿದೆ. ಅದರ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿರುವ ಕೆತ್ತನೆ, ಸುತ್ತಲೂ ಹಳಗನ್ನಡದ ಅಕ್ಷರ. ಶಕ ವರ್ಷ 872, ಸೌಮ್ಯ ಸಂವತ್ಸರ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 949-50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದ ಯುದ್ಧದ ಮಾತಿನಿಂದ ಶಾಸನ ಆರಂಭವಾಗುತ್ತದೆ. ಆ ಯುದ್ಧದಲ್ಲಿ ಗಂಗ ಬೂತುಗನ ಕಡೆ ಹೋರಾಡಿದ ಮಣಲೇರನೆಂಬ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಬ್ಬದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಕೆರೆಯ ಕೆಳಗಿನ ಭೂಮಿ ದತ್ತಿಯಾಯಿತು, ಗುಡಿಯ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂಬ ಕಟ್ಟಳೆಯೂ ಬಿತ್ತು. ಅದೇ ಕಲ್ಲಿನ ಮೇಲೆ ಬೇರೆಯಾಗಿ ಸೇರಿಸಿದ ಸಾಲುಗಳಲ್ಲಿ, ರಾಜಾದಿತ್ಯನನ್ನು ಕೊಂದವನು ಬೂತುಗ, ಅದಕ್ಕೆ ಮೆಚ್ಚಿ ಕೃಷ್ಣನು ಬನವಾಸಿ-12000, ಬೆಳ್ವೊಲ-300, ಪುರಿಗೆರೆ-300, ಕಿಸುಕಾಡು-70, ಬಾಗೆನಾಡು-70 ಇವುಗಳನ್ನು ಕೊಟ್ಟನು ಎಂದಿದೆ.

ಇಂಥ ಕಲ್ಲನ್ನು ವಿದ್ವತ್ತಿನ ಪಟ್ಟಿಯಲ್ಲಿ ಎಲ್ಲಿ ಇಡಬೇಕು? ರಾಷ್ಟ್ರಕೂಟರಲ್ಲೇ, ಗಂಗರಲ್ಲೇ, ಚೋಳರ ಸೋಲಿನಲ್ಲೇ? ಸ್ಮಾರಕಶಿಲೆಗಳಲ್ಲೇ, ದತ್ತಿಶಾಸನಗಳಲ್ಲೇ, ಪ್ರಾಣಿಗಳ ಚರಿತ್ರೆಯಲ್ಲೇ? ಮುದ್ರಿತ ಪುಸ್ತಕಕ್ಕೆ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವ ಅನಿವಾರ್ಯತೆ ಇತ್ತು, ಏಕೆಂದರೆ ಒಂದು ಪಠ್ಯ ಒಂದು ಪುಟದಲ್ಲಷ್ಟೇ ಅಚ್ಚಾಗಲು ಸಾಧ್ಯ. ಕಂಪ್ಯೂಟರಿಗೆ ಆ ಅನಿವಾರ್ಯತೆ ಇಲ್ಲ. ಆದರೂ ಚಿತ್ರ ತೆಗೆದು, ಪಠ್ಯ ಬೆರಳಚ್ಚಿಸಿ, ಅಂತರ್ಜಾಲಕ್ಕೆ ಏರಿಸುವುದನ್ನೇ ಡಿಜಿಟಲೀಕರಣ ಎಂದು ಕರೆಯುವ ರೂಢಿ ನಮ್ಮಲ್ಲಿ ಬೇರೂರಿದೆ. ಜ್ಞಾನವನ್ನು ಕಟ್ಟಿಡುವ ಸಲಕರಣೆಗಳು, ಅಂದರೆ ನಿಯಮಬದ್ಧ ಪದಪಟ್ಟಿ, ಥಿಸಾರಸ್, ಸಂಬಂಧಗಳ ಚೌಕಟ್ಟು ಇವೆಲ್ಲ ಆಮೇಲೆ ಬೇಕಾದರೆ ಸೇರಿಸಿಕೊಳ್ಳುವ ಅಲಂಕಾರ ಎಂಬ ಭಾವನೆ ಇದೆ. ಕರ್ನಾಟಕದ ಶಾಸನಸಂಗ್ರಹದ ಚರಿತ್ರೆ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಶಾಸನಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆವೋ ಆ ಕ್ರಮವೇ ಮುಂದಿನ ತಲೆಮಾರಿನ ವಿದ್ವಾಂಸರು ಯಾವ ಪ್ರಶ್ನೆ ಕೇಳಬಲ್ಲರು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿತು. ಆ ಕಾರಣಕ್ಕೆ ವರ್ಗೀಕರಣವೂ ಸಂಶೋಧನೆಯೇ, ಅದರ ಅತಿ ಕಷ್ಟದ ಭಾಗ.

ಬಿ.ಎಲ್. ರೈಸ್ ಮಾಡಿದ ಕೆಲಸವನ್ನೇ ನೋಡೋಣ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ರೈಸ್ 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದೊಂದಿಗೆ ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯನ್ನು ಆರಂಭಿಸಿದರು. ಇಪ್ಪತ್ತು ವರ್ಷಗಳೊಳಗೆ ಹನ್ನೆರಡು ಸಂಪುಟಗಳು ಹೊರಬಂದವು. ಒಂಬತ್ತು ಸಾವಿರದ ಹತ್ತಿರ ಶಾಸನಗಳು ಅಚ್ಚಾದವು. ಜೋಡಣೆಯ ತತ್ತ್ವ ಆಡಳಿತದ ನಕ್ಷೆ: ಜಿಲ್ಲೆಗೆ ಒಂದೋ ಎರಡೋ ಸಂಪುಟ, ಅದರೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಕ್ರಮಸಂಖ್ಯೆ. ಆತಕೂರಿನ ಕಲ್ಲು ಆಗ ಮೈಸೂರು ಜಿಲ್ಲೆಯ ಮಂಡ್ಯ ತಾಲ್ಲೂಕಿನ 41ನೆಯ ಶಾಸನವಾಗಿ ಮೂರನೆಯ ಸಂಪುಟದಲ್ಲಿ, 1894ರಲ್ಲಿ, ನೆಲೆ ಕಂಡಿತು. ಈ ಕ್ರಮಕ್ಕೆ ದೊಡ್ಡ ಗುಣವಿತ್ತು. ಎಷ್ಟೋ ಶಾಸನಗಳಲ್ಲಿ ಕಾಲದ ಉಲ್ಲೇಖ ಇರುವುದಿಲ್ಲ, ಅರಸನ ಹೆಸರು ಒಡೆದುಹೋಗಿರುತ್ತದೆ. ಆದರೆ ಕಲ್ಲು ನಿಂತ ಊರು ಮಾತ್ರ ಖಚಿತ. ಖಚಿತವಾದುದನ್ನು ಮೊದಲ ಕೊಂಡಿಯಾಗಿ ಹಿಡಿದ ರೈಸ್ ಅವರ ವಿವೇಕವನ್ನು ಮೆಚ್ಚಲೇಬೇಕು. ತಮ್ಮ ಊರಿನ ಕಲ್ಲಿನಲ್ಲಿ ಏನಿದೆ ಎಂದು ತಿಳಿಯಬಯಸುವ ಸಾಮಾನ್ಯ ಓದುಗನಿಗೆ ಇವತ್ತಿಗೂ ಅದಕ್ಕಿಂತ ಸುಲಭವಾದ ದಾರಿ ಇಲ್ಲ.

ಸಂಪುಟದ ಒಳಕ್ಕೆ ಊರು ದಾರಿ ತೋರಿದರೆ, ಹೊರಕ್ಕೆ ದಾರಿ ತೋರಿದ್ದು ರಾಜವಂಶ. ಪ್ರತಿ ಸಂಪುಟದ ಪೀಠಿಕೆಯಲ್ಲಿ ಗಂಗರು, ಕದಂಬರು, ಚಾಲುಕ್ಯರು, ಹೊಯ್ಸಳರು, ವಿಜಯನಗರದವರು ಎಂದು ವಂಶವಾರು ನಿರೂಪಣೆ. 1909ರಲ್ಲಿ ರೈಸ್ ಈ ಎಲ್ಲ ಶಾಸನಗಳ ಆಧಾರದ ಮೇಲೆ ಬರೆದ ಮೈಸೂರು-ಕೊಡಗಿನ ಇತಿಹಾಸವೂ ಪ್ರಧಾನವಾಗಿ ವಂಶಗಳ ಮೆಟ್ಟಿಲನ್ನೇ ಹತ್ತಿತು. ಮುಂಬಯಿ ಕರ್ನಾಟಕದ ಶಾಸನಗಳನ್ನು 1940ರಿಂದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ ಹೊರತಂದಾಗ ಜೋಡಣೆಯೇ ವಂಶ ಮತ್ತು ಕಾಲದ ಪ್ರಕಾರ ನಡೆಯಿತು. ಹೀಗಾಗಿ ಒಂದೇ ಕನ್ನಡ ನಾಡಿನ ಎರಡು ಭಾಗಗಳ ಶಾಸನಗಳು ಎರಡು ಬೇರೆ ತತ್ತ್ವಗಳ ಮೇಲೆ ಕಪಾಟು ಸೇರಿದವು. ಶಿಕಾರಿಪುರದ ದಾನವನ್ನೂ ಲಕ್ಷ್ಮೇಶ್ವರದ ದಾನವನ್ನೂ ಹೋಲಿಸಬೇಕಾದವನು ಒಂದು ಕಡೆ ತಾಲ್ಲೂಕು ಹಿಡಿದು, ಇನ್ನೊಂದು ಕಡೆ ಅರಸನನ್ನು ಹಿಡಿದು ನಡೆಯಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬಂದ ನಾಡಿನ ಇತಿಹಾಸಗಳು ಬಹುತೇಕ ರಾಜವಂಶಗಳ ಇತಿಹಾಸಗಳಾಗಿದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಅದನ್ನು ಅಲ್ಲಗಳೆಯಲಾಗದು. ಆದರೆ ಸೂಚಿಯು ಅರಸರ ಹೆಸರಿನಲ್ಲಿ ಸಿದ್ಧವಾಗಿ ಕೈಗೆ ಸಿಗುವಾಗ ಗೊರವನ ಬಗ್ಗೆ, ಕೆರೆಯ ಬಗ್ಗೆ, ನಾಯಿಯ ಬಗ್ಗೆ ಕೇಳಹೊರಟವನಿಗೆ ಹನ್ನೆರಡು ಸಂಪುಟಗಳನ್ನೂ ಮೊದಲಿಂದ ಕೊನೆಯವರೆಗೆ ಓದುವುದನ್ನು ಬಿಟ್ಟರೆ ದಾರಿ ಇರಲಿಲ್ಲ.

ಖಚಿತವೆಂದುಕೊಂಡ ಸ್ಥಳದ ಕೊಂಡಿಯೂ ನಿಂತಲ್ಲಿ ನಿಲ್ಲಲಿಲ್ಲ. ಮಂಡ್ಯ 1939ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, ಆತಕೂರು ಈಗ ಮದ್ದೂರು ತಾಲ್ಲೂಕಿನಲ್ಲಿದೆ, ಕಲ್ಲು ಬೆಂಗಳೂರಿನಲ್ಲಿದೆ. ಶಿವಮೊಗ್ಗ ಸಂಪುಟದಲ್ಲಿ ಅಚ್ಚಾದ ಹೊನ್ನಾಳಿ, ಚನ್ನಗಿರಿಗಳ ಶಾಸನಗಳು 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿವೆ. ಶ್ರವಣಬೆಳಗೊಳದ್ದು ಇನ್ನೊಂದು ಬಗೆಯ ತೊಡಕು. 1889ರಲ್ಲಿ ರೈಸ್ ಅಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ ಅವರ ಪರಿಷ್ಕೃತ ಸಂಪುಟದಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಆವೃತ್ತಿಯಲ್ಲಿ 573. ಹೀಗೆ ಒಂದೇ ಬಂಡೆಯ ಒಂದೇ ಬರಹಕ್ಕೆ ಬೇರೆ ಬೇರೆ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಬೇರೆ ಬೇರೆ ಸಂಖ್ಯೆ. ಹಳೆಯ ಹೊಸ ಸಂಖ್ಯೆಗಳ ತಾಳೆಪಟ್ಟಿ ಇಲ್ಲದೆ ಯಾರು ಯಾವ ಕಲ್ಲಿನ ಮಾತಾಡುತ್ತಿದ್ದಾರೆಂದೇ ತಿಳಿಯದು. ಜ್ಞಾನಸಂಘಟನೆಯ ಮೊದಲ ಪಾಠ ಇಲ್ಲೇ ಇದೆ: ವಸ್ತುವಿನ ಗುರುತು ಬೇರೆ, ಅದರ ವಿಳಾಸ ಬೇರೆ. ಪ್ರತಿ ಶಾಸನಕ್ಕೂ ಯಾವ ಅರ್ಥವನ್ನೂ ಹೊರದ, ಎಂದಿಗೂ ಬದಲಾಗದ ಒಂದು ಗುರುತು ಬೇಕು. ತಾಲ್ಲೂಕು, ಸಂಪುಟ, ಕ್ರಮಸಂಖ್ಯೆ ಎಲ್ಲವೂ ಆ ಗುರುತಿಗೆ ಅಂಟಿಕೊಂಡ, ಕಾಲದೊಡನೆ ಬದಲಾಗಬಲ್ಲ ಮಾಹಿತಿ ಆಗಿರಬೇಕು.

ಸೂಚಿಯ ಗೋಡೆಯನ್ನು ಒಡೆದು ಹೊರಬಂದ ದೊಡ್ಡ ಕೃತಿ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. 1966ರಲ್ಲಿ ಬಂದ ಈ ಗ್ರಂಥ ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಅರಸರ ಕಡೆಯಿಂದ ನೋಡದೆ ಬದುಕಿನ ಕಡೆಯಿಂದ ಓದಿತು: ಧರ್ಮ, ವಿದ್ಯೆ, ವೀರಜೀವನ, ಆತ್ಮಬಲಿ. ಅವರು ಬಳಸಿದ ವಿಭಾಗಗಳಲ್ಲಿ ಎಷ್ಟೋ ಶಾಸನಗಳ ಒಳಗಿನಿಂದಲೇ ಬಂದವು. ತುರುಗೋಳು, ಊರಳಿವು, ಪೆಣ್ಬುಯ್ಯಲ್, ಸಿಡಿತಲೆ, ಗರುಡ, ವೇಳೆವಾಳಿ, ನಿಸಿದಿ ಇವು ಯಾವುದೋ ಪಠ್ಯಪುಸ್ತಕದಿಂದ ಎರವಲು ತಂದ ತಲೆಬರಹಗಳಾಗಿರದೆ ಆ ಕಾಲದವರೇ ತಮ್ಮ ಸಾವುಬದುಕುಗಳಿಗೆ ಕೊಟ್ಟುಕೊಂಡ ಹೆಸರುಗಳು. ಒಬ್ಬ ವಿದ್ವಾಂಸರು ಸಾವಿರಾರು ಶಾಸನಗಳನ್ನು ಓದಿ, ಒಂದೊಂದರಲ್ಲೂ ಹಲವು ವಿಷಯಗಳನ್ನು ಗುರುತಿಸಿ, ಆ ವಿಷಯಗಳ ಪ್ರಕಾರ ಮತ್ತೆ ಕೂಡಿಸಿದ ಈ ಕೆಲಸ ರೀತಿಯಲ್ಲಿ ಇಂದಿನ ಡಿಜಿಟಲ್ ಮಾನವಿಕ ಸಂಶೋಧನೆಗೆ ಬಲು ಹತ್ತಿರ. ಆದರೆ ನಮ್ಮ ಕೈಗೆ ಸಿಕ್ಕಿದ್ದು ಅದರ ಫಲಿತಾಂಶವಷ್ಟೇ. ಯಾವ ಶಾಸನವನ್ನು ಯಾವ ಯಾವ ವಿಷಯಕ್ಕೆ ಸೇರಿಸಿದರು ಎಂಬ ಪೂರ್ಣ ಜಾಲ ಅಡಿಟಿಪ್ಪಣಿಗಳಲ್ಲಿ ಚದುರಿ ಉಳಿಯಿತು. ಹೊಸ ಪ್ರಶ್ನೆ ಹೊತ್ತು ಬರುವವನು ಆ ಶ್ರಮವನ್ನು ಮೊದಲಿಂದ ಮಾಡಬೇಕು. ಇಷ್ಟು ದೊಡ್ಡ ದುಡಿಮೆ ತಲೆಮಾರಿಗೊಮ್ಮೆ ಮರಳಿ ಶೂನ್ಯಕ್ಕೆ ಬರುವುದು ನಾಡಿಗೆ ಆಗುತ್ತಿರುವ ನಷ್ಟವೆಂದೇ ಹೇಳಬೇಕು.

ಒಂದು ವಸ್ತುವಿಗೆ ಒಂದೇ ಸ್ಥಾನ ಎಂಬ ನಿಯಮವನ್ನು ಬೇರುಸಹಿತ ಪ್ರಶ್ನಿಸಿದ ಚಿಂತನೆ ಹುಟ್ಟಿದ್ದು ಗ್ರಂಥಾಲಯದಲ್ಲಿ. ಅದನ್ನು ರೂಪಿಸಿದವರು ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್. ಮೆಲ್ವಿಲ್ ಡ್ಯೂಯಿ 1876ರಲ್ಲಿ ಕೊಟ್ಟ ದಶಮಾಂಶ ಪದ್ಧತಿಯಲ್ಲಿ ಜಗತ್ತಿನ ವಿಷಯಗಳೆಲ್ಲ ಮೊದಲೇ ಎಣಿಸಿಟ್ಟ ಕೊಂಬೆಗಳು. ಹೊಸ ಪುಸ್ತಕ ಬಂದರೆ ಯಾವುದಾದರೂ ಒಂದು ಕೊಂಬೆಗೆ ನೇತುಹಾಕಬೇಕು. ರಂಗನಾಥನ್ ಲಂಡನ್ನಿನಲ್ಲಿ ಓದುವಾಗ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯನ್ನು ಕಂಡರು. ಅವೇ ಕೆಲವು ಪಟ್ಟಿ, ತಿರುಪುಗಳಿಂದ ಬೇರೆ ಬೇರೆ ಯಂತ್ರಗಳನ್ನು ಕಟ್ಟುವುದು ಅವರಿಗೆ ಉತ್ತರ ತೋರಿಸಿತು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ವಿಷಯಗಳನ್ನು ಎಣಿಸಿಡುವುದನ್ನು ಬಿಟ್ಟು ಅವುಗಳನ್ನು ಮುಖಗಳಾಗಿ ಬಿಡಿಸಿತು. ಅವರು ಮುಂದೆ ಖಚಿತಪಡಿಸಿದಂತೆ ಆ ಮುಖಗಳಿಗೆ ಮೂಲವಾದ ಪ್ರವರ್ಗಗಳು ಐದು: ವಿಷಯದ ತಿರುಳು, ದ್ರವ್ಯ, ಕ್ರಿಯೆ, ದೇಶ, ಕಾಲ. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ 1962ರಲ್ಲಿ ಇಲ್ಲೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇಲ್ಲೇ ತೀರಿಕೊಂಡರು. ಕೋಲನ್ ಸಂಕೇತಗಳನ್ನು ಬಳಸುವ ಗ್ರಂಥಾಲಯಗಳು ಇಂದು ಕಡಿಮೆ. ಅಷ್ಟರಿಂದ ಆ ಚಿಂತನೆ ಸೋತಿತೆಂದು ತಿಳಿಯುವುದು ದೊಡ್ಡ ತಪ್ಪು. 1952ರಲ್ಲಿ ಲಂಡನ್ನಿನಲ್ಲಿ ಕೂಡಿದ ವರ್ಗೀಕರಣ ಸಂಶೋಧನ ಬಳಗ ಮುಖ ವಿಶ್ಲೇಷಣೆಯನ್ನು ಮಾಹಿತಿ ಹುಡುಕಾಟದ ಬುನಾದಿಯೆಂದು ಎತ್ತಿಹಿಡಿಯಿತು. ಅಲ್ಲಿಂದ ಅದು ಥಿಸಾರಸ್‌ಗಳಿಗೆ ಇಳಿಯಿತು. ಗೆಟ್ಟಿ ಸಂಸ್ಥೆಯ ಕಲೆ ಮತ್ತು ವಾಸ್ತುಶಿಲ್ಪ ಥಿಸಾರಸ್ 1990ರಲ್ಲಿ ಮೊದಲು ಅಚ್ಚಾದಾಗ ಅದರ ಇಡೀ ಕಟ್ಟಡ ವಸ್ತು, ದ್ರವ್ಯ, ಚಟುವಟಿಕೆ, ಕರ್ತೃ, ಶೈಲಿ-ಕಾಲ ಎಂಬ ಬಗೆಯ ಮುಖಗಳ ಮೇಲೇ ನಿಂತಿತ್ತು. ಇಂಥ ಪದಕೋಶಗಳನ್ನು ಯಂತ್ರಗಳು ಓದಿಕೊಳ್ಳುವ ಹಾಗೆ ಬರೆಯುವ ಸ್ಕಾಸ್ ಎಂಬ ಮಾನಕ 2009ರಲ್ಲಿ ಬಂತು. ಗ್ರೀಕ್, ಲ್ಯಾಟಿನ್ ಶಾಸನಗಳಿಗಾಗಿ ಯೂರೋಪಿನ ಈಗಲ್ ಯೋಜನೆ 2013ರಿಂದ 2016ರವರೆಗೆ ಶಾಸನದ ಬಗೆ, ಕಲ್ಲಿನ ಜಾತಿ, ಕೆತ್ತನೆಯ ವಿಧಾನ, ವಸ್ತುವಿನ ರೂಪ ಇವುಗಳ ಪದಪಟ್ಟಿಗಳನ್ನು ಆ ಮಾನಕದಲ್ಲೇ ಸಿದ್ಧಪಡಿಸಿತು.

ಆತಕೂರಿನ ಕಲ್ಲಿಗೆ ಇದನ್ನು ಹೊಂದಿಸಿ ನೋಡಿದರೆ ಲಾಭವೂ ಕಾಣುತ್ತದೆ, ತೊಡಕೂ ಕಾಣುತ್ತದೆ. ವಸ್ತುವಿನ ಮುಖದಲ್ಲಿ ಅದು ಸ್ಮಾರಕಶಿಲೆ. ಕ್ರಿಯೆಯ ಮುಖದಲ್ಲಿ ಯುದ್ಧ, ಬೇಟೆ, ಬಹುಮಾನ, ದತ್ತಿ, ಪೂಜೆ. ಯಾವ ಮುಖದಿಂದ ಬಂದವನಿಗೂ ಕಲ್ಲು ಸಿಗುತ್ತದೆ. ದೇಶದ ಮುಖಕ್ಕೆ ಬಂದಾಗ ಬರಿಯ ಪಟ್ಟಿ ಸಾಲದು. ಆತಕೂರು, ತಕ್ಕೋಲ, ಬೆಳತೂರು, ಬನವಾಸಿ, ಬೆಂಗಳೂರು ಎಲ್ಲವೂ ಈ ಕಲ್ಲಿನ ಸ್ಥಳಗಳೇ. ಆದರೆ ಒಂದು ನೆಟ್ಟ ಜಾಗ, ಒಂದು ರಣಭೂಮಿ, ಒಂದು ಬೇಟೆಯ ನೆಲ, ಒಂದು ಉಡುಗೊರೆ, ಒಂದು ಈಗಿನ ಆಶ್ರಯ. ಸ್ಥಳದ ಹೆಸರಿನ ಜೊತೆ ಅದರ ಪಾತ್ರವನ್ನೂ ಬರೆಯದಿದ್ದರೆ ಯಂತ್ರವು ಬನವಾಸಿಯಲ್ಲಿ ನಾಯಿಯ ಕಲ್ಲೊಂದು ದೊರೆತಿದೆ ಎಂದೇ ಹೇಳುತ್ತದೆ. ಇದಕ್ಕಾಗಿಯೇ ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿಯಲ್ಲಿ ರೂಪುಗೊಂಡು 2006ರಲ್ಲಿ ಐಎಸ್‌ಒ ಮಾನಕವಾದ ಸಿಡಾಕ್ ಮಾದರಿ ಘಟನೆಗಳನ್ನು ನಡುವೆ ಇಡುತ್ತದೆ: ಯಾರು, ಎಲ್ಲಿ, ಯಾವಾಗ ಎಂಬುದೆಲ್ಲ ಒಂದು ಘಟನೆಯ ಮೂಲಕವೇ ವಸ್ತುವಿಗೆ ಸೇರುತ್ತದೆ. ಬೆಳ್ವೊಲ-300, ಕಿಸುಕಾಡು-70 ಎಂಬಂಥ ನಾಡುಗಳಿಗೆ ಇಂದಿನ ನಕ್ಷೆಯ ಗೆರೆ ಎಳೆಯಲಾಗದು. ಅವುಗಳ ಎಲ್ಲೆ ಶತಮಾನದಿಂದ ಶತಮಾನಕ್ಕೆ ಸರಿದಿದೆ. ಗ್ರೀಕ್-ರೋಮನ್ ಲೋಕದ ಸ್ಥಳಕೋಶವಾದ ಪ್ಲಿಯಡೀಸ್ ಸ್ಥಳ, ಅದರ ಹೆಸರುಗಳು, ಅದರ ನೆಲೆ ಈ ಮೂರನ್ನೂ ಬೇರೆ ಬೇರೆ ಇಟ್ಟಿರುವುದು ನಮ್ಮ ನಾಡುಗಳಿಗೂ ಒಪ್ಪುವ ಕ್ರಮ. ಕಾಲದ ಮಾತೂ ಹಾಗೆಯೇ. ಸೌಮ್ಯ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಶಕವರ್ಷ ಒಡೆದುಹೋದ ಕಲ್ಲಿನಲ್ಲಿ ನಾವು ಕೊಡುವ ಇಸವಿ ಒಂದು ಊಹೆ. ಕಲ್ಲು ಹೇಳಿದ ಕಾಲವನ್ನೂ ನಾವು ಲೆಕ್ಕ ಹಾಕಿದ ಕಾಲವನ್ನೂ ಒಂದೇ ಅಂಕಣದಲ್ಲಿ ತುಂಬುವುದು ಸಾಕ್ಷ್ಯವನ್ನು ಕಲಬೆರಕೆ ಮಾಡಿದಂತೆ.

ಇಷ್ಟೆಲ್ಲ ಏಕೆ, ಪಠ್ಯವನ್ನೆಲ್ಲ ಯೂನಿಕೋಡಿನಲ್ಲಿ ಹಾಕಿ ಪದ ಹುಡುಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಪಠ್ಯ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸಂಪಾದಿತ ಸಾಹಿತ್ಯಪಠ್ಯಕ್ಕೆ ಪದಶೋಧ ಬಹಳ ದೂರ ಒಯ್ಯುತ್ತದೆ; ವಚನಗಳ ಡಿಜಿಟಲ್ ಸಂಗ್ರಹಗಳು ಓದುಗರಿಗೆ ಮಾಡಿರುವ ಉಪಕಾರ ಸಣ್ಣದಲ್ಲ. ಶಾಸನಗಳಲ್ಲಿ ಅದು ಬೇಗ ಮುಗ್ಗರಿಸುತ್ತದೆ. ಪೆರ್ಗಡೆ ಎಂದು ಒಂದು ಕಡೆ, ಹೆಗ್ಗಡೆ ಎಂದು ಇನ್ನೊಂದು ಕಡೆ. ಅಕ್ಷರ ಸವೆದಲ್ಲಿ ಸಂಪಾದಕರು ಆವರಣದಲ್ಲಿ ತುಂಬಿದ ಊಹೆ. ಅದಕ್ಕಿಂತ ಮುಖ್ಯವಾಗಿ, ನಾವು ಹುಡುಕುವ ಪರಿಕಲ್ಪನೆ ಎಷ್ಟೋ ಸಲ ಪಠ್ಯದಲ್ಲಿ ಪದವಾಗಿ ಇರುವುದೇ ಇಲ್ಲ. ವೀರಗಲ್ಲು ಎಂದು ನಾವು ಕರೆಯುವ ಶಿಲೆಗಳಲ್ಲಿ ಹೆಚ್ಚಿನವು ತಮ್ಮನ್ನು ಬರಿಯ ಕಲ್ಲು ಎಂದೇ ಹೇಳಿಕೊಳ್ಳುತ್ತವೆ, ಆತಕೂರಿನದೂ ಹಾಗೆಯೇ. ಇನ್ನು ಅಕ್ಷರವೇ ಇಲ್ಲದೆ ಕೆತ್ತನೆ ಮಾತ್ರ ಇರುವ ವೀರಗಲ್ಲುಗಳು, ಮಾಸ್ತಿಗಲ್ಲುಗಳು ಊರೂರಿನ ಬೇಲಿಬದಿಯಲ್ಲಿವೆ. ಪದಶೋಧದ ಪಾಲಿಗೆ ಅವು ಇಲ್ಲವೇ ಇಲ್ಲ. ಓದುಬರಹ ಬಲ್ಲವರನ್ನು ಕರೆಸಿ ಬರೆಸಲು ಶಕ್ತಿ ಇಲ್ಲದಿದ್ದ ಮನೆತನಗಳ ನೆನಪು ಅವುಗಳಲ್ಲಿ ಎಷ್ಟಿದೆಯೋ! ಪಠ್ಯವನ್ನಷ್ಟೇ ನಂಬಿದ ಡಿಜಿಟಲ್ ಸಂಗ್ರಹ ಆ ಜನರನ್ನು ಇನ್ನೊಮ್ಮೆ ಹೊರಗಿಡುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ವರ್ಗೀಕರಣ ಎಂದರೆ ಅಧಿಕಾರ. ಹೊರಗಿನ ಚೌಕಟ್ಟನ್ನು ಒಳಗಿನ ಬದುಕಿನ ಮೇಲೆ ಹೇರುವುದು. ಡ್ಯೂಯಿಯ ಪದ್ಧತಿಯಲ್ಲಿ ಧರ್ಮಕ್ಕೆ ಮೀಸಲಾದ ನೂರು ಸಂಖ್ಯೆಗಳಲ್ಲಿ ಬಹುಪಾಲನ್ನು ಕ್ರೈಸ್ತ ಧರ್ಮವೇ ತೆಗೆದುಕೊಂಡು, ಜಗತ್ತಿನ ಉಳಿದ ಧರ್ಮಗಳೆಲ್ಲ 290ರ ಹತ್ತು ಸಂಖ್ಯೆಗಳೊಳಗೆ ಒತ್ತರಿಸಿಕೊಂಡದ್ದು ಎಲ್ಲರಿಗೂ ತಿಳಿದ ಉದಾಹರಣೆ. ಈ ಆಕ್ಷೇಪದ ಮೊದಲರ್ಧವನ್ನು ಪೂರ್ತಿ ಒಪ್ಪಬೇಕು. ಆದರೆ ಅದರಿಂದ ವರ್ಗೀಕರಿಸಬೇಡಿ ಎಂಬ ತೀರ್ಮಾನ ಬರುವುದಿಲ್ಲ. ಹೆಸರಿಸದೆ ಬಿಟ್ಟ ವರ್ಗೀಕರಣ ಮಾಯವಾಗುವುದಿಲ್ಲ. ಅದು ಹುಡುಕಾಟದ ಯಂತ್ರದೊಳಗೆ, ಕಡತದ ಹೆಸರುಗಳೊಳಗೆ ಯಾರ ಪ್ರಶ್ನೆಗೂ ಸಿಗದಂತೆ ಕೂತುಬಿಡುತ್ತದೆ. ಬರೆದಿಟ್ಟ ಪದಪಟ್ಟಿಯೊಡನೆ ಜಗಳವಾಡಬಹುದು, ಅದನ್ನು ತಿದ್ದಬಹುದು. ಸ್ಕಾಸ್‌ನಂಥ ಮಾನಕದಲ್ಲಿ ಒಂದು ಪರಿಕಲ್ಪನೆಗೆ ಹಲವು ಭಾಷೆಗಳ ಹಲವು ಹೆಸರು ಕೊಡಲು ಜಾಗವಿದೆ. ಎರಡು ಪದಕೋಶಗಳ ಪರಿಕಲ್ಪನೆಗಳು ಒಂದೇ ಎನ್ನಲು, ಹತ್ತಿರದವು ಎನ್ನಲು, ಒಂದು ಇನ್ನೊಂದಕ್ಕಿಂತ ವಿಶಾಲ ಎನ್ನಲು ಬೇರೆ ಬೇರೆ ಕೊಂಡಿಗಳಿವೆ. ಹಾಗಾಗಿ ತುರುಗೋಳಿನ ವೀರಗಲ್ಲನ್ನು ನಮ್ಮದೇ ಪದಕೋಶದಲ್ಲಿ ನಮ್ಮ ಹೆಸರಿನಿಂದಲೇ ಸ್ಥಾಪಿಸಿ, ಜಗತ್ತಿನ ಸ್ಮಾರಕಶಿಲೆಗಳ ವಿಶಾಲ ವರ್ಗಕ್ಕೆ ಅದನ್ನು ಸೇರಿಸಬಹುದು. ಆ ವರ್ಗದೊಳಗೆ ಕರಗಿಸಬೇಕಾಗಿಲ್ಲ. ಚಿದಾನಂದಮೂರ್ತಿಯವರು ಶಾಸನಗಳ ಒಳಗಿನಿಂದ ಹೆಕ್ಕಿದ ಹೆಸರುಗಳು ಇಂಥ ಕನ್ನಡ ಪದಕೋಶಕ್ಕೆ ಸಿದ್ಧ ಅಡಿಪಾಯ.

ಕೃತಕ ಬುದ್ಧಿಮತ್ತೆ ಇರುವಾಗ ಇಷ್ಟು ಕೈದುಡಿಮೆ ಯಾಕೆ ಎಂಬ ಮಾತೂ ಈಚೆಗೆ ಕೇಳಿಬರುತ್ತಿದೆ. ಯಂತ್ರದ ನೆರವನ್ನು ಬೇಡವೆನ್ನುವುದು ಅವಿವೇಕ. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದರಿಂದ ಬರಿಗಣ್ಣಿಗೆ ಸವೆದಂತೆ ಕಾಣುವ ಅಕ್ಷರಗಳೂ ಓದಿಗೆ ಸಿಗುತ್ತಿವೆ. ಈ ಕಲ್ಲು ತುರುಗೋಳಿನದಿರಬಹುದು ಎಂದು ಯಂತ್ರ ಸೂಚಿಸುವ ದಿನವೂ ದೂರವಿಲ್ಲ. ಆದರೆ ಆ ಸೂಚನೆ ಸರಿಯೋ ತಪ್ಪೋ ಎಂದು ತೂಗಲು ತುರುಗೋಳು ಎಂದರೇನು, ಊರಳಿವಿನಿಂದ ಅದು ಎಲ್ಲಿ ಬೇರೆಯಾಗುತ್ತದೆ, ಎರಡೂ ಕೂಡಿದಾಗ ಏನು ಮಾಡಬೇಕು ಎಂದು ಬಲ್ಲವರು ಮೊದಲೇ ಬರೆದಿಟ್ಟಿರಬೇಕು. ದುಡಿಮೆಯ ಪ್ರಮಾಣವನ್ನು ಯಂತ್ರ ಇಳಿಸೀತು. ತೀರ್ಪಿನ ಹೊಣೆಯನ್ನು ಅದು ಹೊರಲಾರದು.

ತೀರ್ಪು ಬದಲಾಗುತ್ತದೆ ಎಂಬುದೂ ದಾಖಲೆಯಲ್ಲಿ ಉಳಿಯಬೇಕು. ಆತಕೂರಿನ ಕಲ್ಲಿನ ಸೇರಿಸಿದ ಸಾಲುಗಳನ್ನು ಮೊದಮೊದಲು ಓದಿದವರು, ಬೂತುಗನು ರಾಜಾದಿತ್ಯನನ್ನು ಮೋಸದಿಂದ ಇರಿದು ಕೊಂದನೆಂದು ಅರ್ಥ ಮಾಡಿದರು. ಅದೇ ಸಾಲುಗಳನ್ನು ಮತ್ತೆ ಓದಿದಾಗ, ಆನೆಯ ಮೇಲಿನ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಇರಿದನು ಎಂಬ ಅರ್ಥ ಗಟ್ಟಿಯಾಯಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ಲೈಡನ್ ತಾಮ್ರಪಟಗಳೂ ಹೇಳುವುದರಿಂದ ಅದಕ್ಕೆ ಬಲ ಬಂತು. ಒಂದು ಓದಿನಲ್ಲಿ ಬೂತುಗ ದ್ರೋಹಿ, ಇನ್ನೊಂದರಲ್ಲಿ ಎದುರಾಳಿಯ ಆನೆಗೇ ನುಗ್ಗಿದ ಶೂರ. ಹಳೆಯ ಓದನ್ನು ನಂಬಿ ಬರೆದ ಪುಸ್ತಕಗಳು ಗ್ರಂಥಾಲಯಗಳಲ್ಲಿ ಇನ್ನೂ ಇವೆ, ಅವುಗಳನ್ನು ಉಲ್ಲೇಖಿಸುವವರೂ ಇದ್ದಾರೆ. ದತ್ತಸಂಚಯದಲ್ಲಿ ಹೊಸ ಓದನ್ನು ತುಂಬಿ ಹಳೆಯದನ್ನು ಅಳಿಸಿಬಿಟ್ಟರೆ ಆ ಪುಸ್ತಕಗಳು ಹಾಗೇಕೆ ಹೇಳಿದವು ಎಂಬುದು ಮುಂದಿನವರಿಗೆ ತಿಳಿಯುವುದಿಲ್ಲ. ಹಳೆಯದನ್ನೇ ಉಳಿಸಿದರೆ ತಪ್ಪು ಬೆಳೆಯುತ್ತಲೇ ಹೋಗುತ್ತದೆ. ಸಿಡಾಕ್ ಮಾದರಿಯಲ್ಲಿ ಓದುವಿಕೆಯೂ ಒಂದು ಘಟನೆ: ಇಂಥವರು, ಇಂಥ ವರ್ಷ, ಇಂಥ ಪ್ರಕಟಣೆಯಲ್ಲಿ, ಈ ಸಾಲಿಗೆ ಈ ಅರ್ಥ ಕೊಟ್ಟರು ಎಂದು ಅದನ್ನು ಬರೆಯಬಹುದು. ಮಂಡ್ಯ ತಾಲ್ಲೂಕಿನ 41ನೆಯ ಶಾಸನಕ್ಕೆ ಹಾಗೆ ಬರೆದಾಗ 1894ರಿಂದ ಈಚಿನ ಪ್ರತಿ ಓದೂ ತನ್ನ ಕರ್ತೃವಿನ ಹೆಸರಿನೊಡನೆ ಕಲ್ಲಿನ ಪಕ್ಕದಲ್ಲೇ ನಿಲ್ಲುತ್ತದೆ, ಮುಂದೆ ಬರುವ ಓದಿಗೂ ಅಲ್ಲೇ ಜಾಗವಿರುತ್ತದೆ.